ಬಯಲಿಗೆ ಬಂದ ಬಾನುಲಿ

ಬಾನುಲಿಯೆಂದರೆ ನಡುಮನೆಯ ಮೂಲೆಯಲ್ಲಿ ಕುಳಿತು ಹಾಡು, ವಾರ್ತೆಗಳನ್ನು ಕೇಳಿಸುವ ಪೆಟ್ಟಿಗೆಯೆಂಬುದು ಬಹುಮಂದಿಯ ಭಾವನೆ. ಕೇಳಿದಷ್ಟರಿಂದಲೇ ತೃಪ್ತರಾಗದೆ, ತಾವೂ ನುಡಿದು ದೂರದವರಿಂದ ಮಾರುತ್ತರ ಪಡೆಯುವವರದೊಂದು ಕುಲವೂ ಉಂಟು. ಅವರಿಗೆ ಹ್ಯಾಮ್‌ಗಳೆಂದು ಹೆಸರು. ಕೇಂದ್ರ ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಿಗೆಯನ್ನೂ ತಮ್ಮದೇ ಒಂದು ಕರೆಸಂಕೇತವನ್ನೂ ಪಡೆದ ಹವ್ಯಾಸಿಗಳಿವರು. ಹಣ ಪಡೆದು ಸಂದೇಶ ಸಾಗಿಸುವಂತಿಲ್ಲವೆಂಬುದು ಇವರ ಮೊದಲ ನಿಯಮ.

ಇವರಲ್ಲಿ ಹಲವರಿಗೆ ನಾಲ್ಕು ಗೋಡೆಗಳ ಕೋಣೆ ಸಾಲದಾಗಿದೆ. 2002ರಲ್ಲಿ ಬ್ರಿಟನ್ನಿನ ಹವ್ಯಾಸಿಗಳು ಬೆಟ್ಟದ ನೆತ್ತಿಯೇರಿ ಸಂಭಾಷಿಸುವ ಆಟವೊಂದನ್ನು ಹೂಡಿದರು. ಅಲ್ಲಿ ಮೋಟಾರು ವಾಹನದ ವಿದ್ಯುತ್ತು ಸಲ್ಲದು. 4 ಮಂದಿಯೊಡನೆಯಾದರೂ ಮಾತು ಕೂಡಿದರಷ್ಟೇ ಅಂಕ. 2016ರಲ್ಲಿ ಅಮೆರಿಕದ ಹವ್ಯಾಸಿಗಳು ಇಂಥದೇ ಆಟವನ್ನು ರಾಷ್ಟ್ರೀಯ ಉದ್ಯಾನಗಳಲ್ಲಿ ನಡೆಸಿದರು. ಈಗ ಅದು ಹಲವು ದೇಶಗಳಿಗೆ ಹಬ್ಬಿದೆ.

ಬಯಲಿಗೇ ಏಕೆ ಹೋಗಬೇಕು? ಪಟ್ಟಣದ ಮನೆಗಳಲ್ಲಿ ದೀಪ, ಚಾರ್ಜರು, ಪಂಪುಗಳು ಎಬ್ಬಿಸುವ ವಿದ್ಯುತ್ ಗದ್ದಲದಲ್ಲಿ ದೂರದ ಕ್ಷೀಣ ಧ್ವನಿ ಮುಳುಗಿಹೋಗುತ್ತದೆ. ರೋಣ ಸೀಮೆಯ ಅಸೂಟಿಯಂಥ ಊರಿನ ಎರೆಹೊಲದಲ್ಲಿ ಆ ಗದ್ದಲ ಕಡಿಮೆ. ಬೆಟ್ಟವೂ ಬೇಕಿಲ್ಲ. ಎರಡು ಬೇವಿನ ಮರಗಳ ನಡುವೆ 20 ಮೀಟರ್ ತಂತಿ, 12 ವೋಲ್ಟಿನ ಒಂದು ಬ್ಯಾಟರಿ, ಕೈಚೀಲದಲ್ಲಿ ಹಿಡಿಸುವ ಯಂತ್ರ, ಇಷ್ಟಿದ್ದರೆ ಸಾಕು. ತಗ್ಗಿನಲ್ಲಿ ಕಟ್ಟಿದ ತಂತಿಯಿಂದ 7 ಮೆಗಾಹರ್ಟ್ಸ್‌ನ ಅಲೆಗಳು ನೇರ ಮೇಲೇರಿ, ವಾತಾವರಣದ ಅಯಾನುಗೋಳಕ್ಕೆ ತಾಗಿ, ಕಾರಂಜಿಯ ನೀರಿನಂತೆ ಸುತ್ತಲ ನೂರಾರು ಕಿಲೋಮೀಟರಿಗೆ ಇಳಿಯುತ್ತವೆ. ಹಗಲು ಹೊತ್ತಿನಲ್ಲಿ ಬೆಂಗಳೂರು ಆ ವ್ಯಾಪ್ತಿಯೊಳಗೇ ಬರುತ್ತದೆ. ನಡುವೆ ಯಾವ ಗೋಪುರದ ಹಂಗೂ ಇಲ್ಲ.

ಇದೆಲ್ಲ ಬಿಡುವಿನವರ ವಿನೋದವಲ್ಲವೇ ಎಂದು ಹಿರಿಯರು ಕೇಳಬಹುದು. ಡಿಸೆಂಬರ್ 2004ರಲ್ಲಿ ಭಾರತಿ ಪ್ರಸಾದ್ ಎಂಬ ಹವ್ಯಾಸಿ ಮಹಿಳೆ ತಂಡದೊಡನೆ ಪೋರ್ಟ್ ಬ್ಲೇರಿಗೆ ಹೋದದ್ದೂ ವಿನೋದಕ್ಕೇ. ಅಂಡಮಾನಿನಿಂದ ಜಗತ್ತಿನ ಹ್ಯಾಮ್‌ಗಳೊಡನೆ ಮಾತನಾಡುವುದಷ್ಟೇ ಅವರ ಗುರಿಯಾಗಿತ್ತು. 26ರ ಬೆಳಗ್ಗೆ ಭೂಮಿ ನಡುಗಿತು, ಕಡಲು ಉಕ್ಕಿತು, ದೂರವಾಣಿ ಮೂಕವಾಯಿತು. ಆಗ ಅವರ ಆಟದ ಯಂತ್ರವೇ ದ್ವೀಪದವರ ಕ್ಷೇಮಸಮಾಚಾರವನ್ನು ಬಂಧುಗಳಿಗೆ ಮುಟ್ಟಿಸುವ ಅಂಚೆಯಾಯಿತು.

ಅಂಡಮಾನು ದೂರದ ಮಾತೆನ್ನುವಂತಿಲ್ಲ. 2009ರಲ್ಲಿಯೂ 2019ರಲ್ಲಿಯೂ ಮಲಪ್ರಭೆ ಉಕ್ಕಿ, ರೋಣ, ನರಗುಂದ ಸೀಮೆಯ ಹೊಳೆದಂಡೆಯ ಊರುಗಳಿಗೆ ನುಗ್ಗಿತು. ವಿದ್ಯುತ್ತು ಹೋಗಿ ಮೊಬೈಲ್ ಗೋಪುರವೂ ಸುಮ್ಮನಾದರೆ, ಮಾಳಿಗೆಯ ಮೇಲೆ ನಿಂತವರ ಕೂಗನ್ನು ಜಿಲ್ಲಾ ಕಚೇರಿಗೆ ಮುಟ್ಟಿಸುವವರು ಯಾರು? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲಾಗದು. ನೆರೆ ಬಂದ ದಿನ ತಂತಿ ಕಟ್ಟಲು ಕಲಿಯುವುದೂ ಆಗದು. ರಜೆಯ ದಿನ ಬಯಲಲ್ಲಿ ತಂತಿ ಕಟ್ಟಿ, ಬ್ಯಾಟರಿಯ ಬಲವನ್ನು ಅಳೆದು, ಗದ್ದಲದ ನಡುವೆ ಹೆಸರನ್ನು ತಪ್ಪಿಲ್ಲದೆ ಬರೆದುಕೊಳ್ಳುವ ಅಭ್ಯಾಸವುಳ್ಳ ನಾಲ್ಕು ಮಂದಿ ತರುಣರು ತಾಲ್ಲೂಕಿಗೆ ಇದ್ದರೆ, ಅವರ ಆಟ ಊರಿನ ಪಾಲಿಗೆ ಕಾವಲಾದೀತು.