ಬೇಸಿಗೆಯ ಯಾತ್ರೆಗೆ ಮನೆಯ ಬುತ್ತಿಯೇ ಲೇಸು

ಶಾಲೆಗಳಿಗೆ ರಜೆ ದೊರೆತೊಡನೆ ನಮ್ಮ ಭಾಗದ ಕುಟುಂಬಗಳು ಯಾತ್ರೆಗೂ ಪ್ರವಾಸಕ್ಕೂ ಸಿದ್ಧವಾಗುತ್ತವೆ. ವರ್ಷವಿಡೀ ಕಾಯಕದಲ್ಲಿ ತೊಡಗಿದ ಹಿರಿಯರಿಗೂ, ಪುಸ್ತಕದ ಹೊರೆ ಇಳಿಸಿದ ಮಕ್ಕಳಿಗೂ ಒಟ್ಟಾಗಿ ಹೊರಡಲು ದೊರೆಯುವ ಕಾಲ ಇದೊಂದೇ. ಆದರೆ ಇದೇ ಕಾಲದಲ್ಲಿ ಕೊಪ್ಪಳ ಜಿಲ್ಲೆಯ ಬಿಸಿಲು 40 ಡಿಗ್ರಿಯನ್ನು ಮುಟ್ಟಿ ಮೀರುತ್ತದೆ. ಹೆಸರಿನಲ್ಲಿಯೇ ತಾವರೆಯ ಕೆರೆಯನ್ನು ಹೊತ್ತಿರುವ ನಮ್ಮ ತಾವರಗೇರಾದಲ್ಲಿಯೂ ಮಧ್ಯಾಹ್ನದ ಹೊತ್ತು ಬೀದಿಗಳು ಬರಿದಾಗುತ್ತವೆ. ಊರಿನಲ್ಲಿದ್ದಾಗ ಆ ಹೊತ್ತಿನಲ್ಲಿ ಹೊಸ್ತಿಲು ದಾಟದವರು ಪ್ರವಾಸಕ್ಕೆ ಹೋದಾಗ ಮಾತ್ರ ಅದೇ ಬಿಸಿಲಿನಲ್ಲಿ ಬೆಟ್ಟ ಹತ್ತುತ್ತಾರೆ, ಕಾದ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆಯುತ್ತಾರೆ. ಈ ವಿಚಿತ್ರವನ್ನು ಸದ್ಭಕ್ತರು ಒಮ್ಮೆ ಯೋಚಿಸಬೇಕು.

ನೋಡತಕ್ಕ ತಾಣಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ನಾಣ್ಣುಡಿ ನಮ್ಮ ನೆರೆಯಲ್ಲಿಯೇ ಹುಟ್ಟಿತು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯವನ್ನು ಅಲ್ಲಿಯ ಶಾಸನವೇ ದೇವಾಲಯಗಳ ಚಕ್ರವರ್ತಿಯೆಂದು ಕೊಂಡಾಡಿದೆ. ಕುಕನೂರಿನ ನವಲಿಂಗ ದೇವಾಲಯ, ಕೊಪ್ಪಳದ ಗವಿಮಠ, ಆನೆಗೊಂದಿ, ಅಂಜನಾದ್ರಿ, ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಶಿಲಾಸಮಾಧಿಗಳು ಇವೆಲ್ಲ ಒಂದು ದಿನದಲ್ಲಿ ಹೋಗಿ ಬರುವಷ್ಟು ಹತ್ತಿರ. ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮವೂ ದೂರವಲ್ಲ. ದೂರ ಹೆಚ್ಚಿಲ್ಲವೆಂಬ ಈ ಅನುಕೂಲವೇ ನಮ್ಮನ್ನು ಅಜಾಗರೂಕರನ್ನಾಗಿಯೂ ಮಾಡಿದೆ. ಹತ್ತಿರವೇ ಅಲ್ಲವೇ ಎಂದು ತಡವಾಗಿ ಹೊರಡುತ್ತೇವೆ, ಬುತ್ತಿ ಕಟ್ಟುವುದಿಲ್ಲ, ನೀರು ಒಯ್ಯುವುದಿಲ್ಲ. ನಡುಹಗಲಿನಲ್ಲಿ ತಾಣ ತಲುಪಿ, ಬಾಯಾರಿಕೆಗೆ ಅಂಗಡಿಯ ಬಣ್ಣದ ಬಾಟಲಿಯನ್ನು ಕೊಳ್ಳುತ್ತೇವೆ.

ಆ ಬಾಟಲಿಯೊಳಗೆ ಏನಿದೆ? ಸಾಮಾನ್ಯವಾದ 300 ಮಿಲಿಲೀಟರ್ ತಂಪು ಪಾನೀಯದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಎಂದರೆ ಏಳೆಂಟು ಚಹಾ ಚಮಚ. ಸಕ್ಕರೆಯಿಂದ ದೊರೆಯುವ ಶಕ್ತಿಯು ದಿನದ ಆಹಾರದ ಹತ್ತನೆಯ ಒಂದು ಪಾಲನ್ನು ಮೀರಬಾರದು, ಇಪ್ಪತ್ತನೆಯ ಒಂದು ಪಾಲಿಗೆ ಇಳಿಸಿದರೆ ಇನ್ನೂ ಒಳಿತು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ತಿಳಿಸಿತು. ಆ ಕೆಳಗಿನ ಮಿತಿ ವಯಸ್ಕರಿಗೆ ಸುಮಾರು 25 ಗ್ರಾಂ. ಒಂದೇ ಬಾಟಲಿಯು ಅದನ್ನು ದಾಟಿಬಿಡುತ್ತದೆ. ಭಾರತದಲ್ಲಿ ಸಕ್ಕರೆ ಕಾಯಿಲೆಯವರ ಸಂಖ್ಯೆ ಸುಮಾರು 10 ಕೋಟಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆಯು 2023ರಲ್ಲಿ ಪ್ರಕಟಿಸಿದ್ದನ್ನು ನೆನೆದರೆ, ಇದು ಕೇವಲ ರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಇದನ್ನರಿತ ಕೆಲವು ಮನೆಗಳಲ್ಲಿ ಈಗ ಮತ್ತೊಂದು ತುದಿಗೆ ಹೋಗಿದ್ದಾರೆ. ಸಕ್ಕರೆ ವಿಷ, ಜೇನು ಅಮೃತ ಎಂಬ ನಂಬಿಕೆ ಬಲಿತು, ಎಲ್ಲ ಪಾನೀಯಕ್ಕೂ ಜೇನು ಸುರಿಯುತ್ತಾರೆ. ಜೇನಿನ ಬಗ್ಗೆ ನಮಗಿರುವ ಗೌರವ ಹಿರಿದು. ಪಂಚಾಮೃತದಲ್ಲಿ ಅದಕ್ಕೆ ಸ್ಥಾನವುಂಟು. ಆದರೂ ಸತ್ಯವನ್ನು ಹೇಳಲೇಬೇಕು. ಜೇನಿನಲ್ಲಿ ನೂರಕ್ಕೆ ಸುಮಾರು 80 ಭಾಗ ಸಕ್ಕರೆಯೇ. ಉಳಿದದ್ದರಲ್ಲಿ ಹೆಚ್ಚಿನದು ನೀರು. ವಿಶ್ವ ಆರೋಗ್ಯ ಸಂಸ್ಥೆಯ ಮೇಲಿನ ಲೆಕ್ಕದಲ್ಲಿ ಜೇನೂ ಸೇರಿದೆ. ಒಂದು ದೊಡ್ಡ ಚಮಚ ಜೇನು ಸುಮಾರು 60 ಕ್ಯಾಲರಿ ನೀಡುತ್ತದೆ. ಆದುದರಿಂದ ಸಕ್ಕರೆ ಕಾಯಿಲೆಯುಳ್ಳವರು ಜೇನನ್ನು ಔಷಧಿಯೆಂದು ಬಗೆದು ಧಾರಾಳವಾಗಿ ಸೇವಿಸುವುದು ತಮ್ಮನ್ನು ತಾವೇ ವಂಚಿಸಿಕೊಂಡಂತೆ.

ನಮ್ಮ ಪ್ರಾಚೀನ ವೈದ್ಯರು ಈ ವಿಷಯದಲ್ಲಿ ನಮಗಿಂತ ಎಚ್ಚರದಿಂದಿದ್ದರು. ಕಾಯಿಸಿದ ಜೇನನ್ನು ಬಳಸಬಾರದೆಂದು ಚರಕಸಂಹಿತೆ ಹೇಳುವುದು ಬಹುಜನರಿಗೆ ಗೊತ್ತು. ಆದರೆ ಬೇಗೆಯಿಂದ ಬಳಲಿದವನು ಜೇನು ಸೇವಿಸುವುದನ್ನೂ ಅದೇ ಗ್ರಂಥ ನಿಷೇಧಿಸುತ್ತದೆಂಬುದನ್ನು ಅರಿತವರು ವಿರಳ. ಇಂದಿನ ರಸಾಯನಶಾಸ್ತ್ರವು ವಿಷವೆಂಬ ಮಾತನ್ನು ಒಪ್ಪದಿದ್ದರೂ, ಕಾವಿನಿಂದ ಜೇನಿನೊಳಗಿನ ಕಿಣ್ವಗಳು ನಾಶವಾಗುತ್ತವೆ, ಅದರ ಗುಣ ಕುಗ್ಗುತ್ತದೆ ಎಂಬುದನ್ನು ಒಪ್ಪುತ್ತದೆ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಜೇನು ಮನೆಯ ಮುಂಜಾವಿಗಿರಲಿ, ದಾರಿಯ ಬಿಸಿಲಿಗೆ ಲಿಂಬೆ, ಉಪ್ಪು ಮತ್ತು ತುಸು ಬೆಲ್ಲ ಇರಲಿ. ಬೆಲ್ಲವೂ ಸಕ್ಕರೆಯೇ ಆದುದರಿಂದ ತುಸು ಎಂಬ ಮಾತನ್ನು ಮರೆಯಬಾರದು.

ಜೇನಿನ ವಿಷಯದಲ್ಲಿ ಇನ್ನೊಂದು ಮಾತನ್ನು ಕಟುವಾಗಿಯೇ ಹೇಳಬೇಕಾಗಿದೆ. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಹಚ್ಚುವ ವಾಡಿಕೆ ನಮ್ಮ ಎಷ್ಟೋ ಮನೆಗಳಲ್ಲಿ ಉಳಿದಿದೆ. ಒಂದು ವರ್ಷ ತುಂಬದ ಮಗುವಿಗೆ ಜೇನನ್ನು ಸರ್ವಥಾ ಕೊಡಬಾರದು. ಶುದ್ಧ ಜೇನಿನಲ್ಲಿಯೂ ಬೊಟುಲಿಸಂ ಎಂಬ ರೋಗದ ಬೀಜಾಣುಗಳು ಇರಬಹುದು. ದೊಡ್ಡವರ ಕರುಳು ಅವನ್ನು ತಡೆಯಬಲ್ಲುದು, ಎಳೆಯ ಕರುಳಿಗೆ ಆ ಶಕ್ತಿಯಿಲ್ಲ. ಅವು ಅಲ್ಲಿ ಮೊಳೆತು ವಿಷವನ್ನುಂಟುಮಾಡಿ, ಮಗುವಿನ ಸ್ನಾಯುಗಳನ್ನು ಸಡಿಲಗೊಳಿಸಿ, ಉಸಿರಾಟಕ್ಕೇ ಧಕ್ಕೆ ತರಬಲ್ಲವು. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು. ಬೇಸಿಗೆಯಲ್ಲಿಯೂ ಬೇರೆ ನೀರು ಬೇಡ, ಹಾಲುಣಿಸುವ ಸಲ ಹೆಚ್ಚಿದರಾಯಿತು, ತಾಯಿ ಹೆಚ್ಚು ನೀರು ಕುಡಿದರಾಯಿತು. ಹಿರಿಯರ ವಾಡಿಕೆಯ ಹಿಂದಿದ್ದುದು ಕೂಸಿನ ಮೇಲಿನ ಮಮತೆ. ಆ ಮಮತೆಯೇ ಇಂದು ವಾಡಿಕೆಯನ್ನು ಬಿಡಲು ಕಾರಣವಾಗಲಿ.

ಕೊಳ್ಳುವಾಗಲೂ ವಿವೇಕ ಬೇಕು. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಮಾರುಕಟ್ಟೆಯ ಜೇನಿನ 22 ಮಾದರಿಗಳನ್ನು ಪರೀಕ್ಷಿಸಿದಾಗ ಎಲ್ಲ ಪರೀಕ್ಷೆಗಳಲ್ಲಿ ತೇರ್ಗಡೆಯಾದವು 5 ಮಾತ್ರ. ಸಕ್ಕರೆ ಪಾಕದ ಬೆರಕೆ ಅಷ್ಟು ಜಾಣತನದಿಂದ ನಡೆಯುತ್ತಿದೆ. ನೀರಿನ ಲೋಟಕ್ಕೆ ಹನಿ ಬಿಡುವುದು, ಬತ್ತಿಗೆ ಹಚ್ಚಿ ಉರಿಸುವುದು ಮುಂತಾದ ಮನೆಯ ಪರೀಕ್ಷೆಗಳು ಇಂಥ ಬೆರಕೆಯನ್ನು ಕಂಡುಹಿಡಿಯಲಾರವು. ಚಳಿಗೆ ಜೇನು ಹರಳುಗಟ್ಟುವುದು ಕಲಬೆರಕೆಯ ಗುರುತೂ ಅಲ್ಲ, ಅದು ಸಹಜ ಗುಣ. ಪರಿಚಿತ ಸಾಕಣೆದಾರರಿಂದ ಸ್ವಲ್ಪವೇ ಕೊಂಡು, ಸ್ವಲ್ಪವೇ ಬಳಸುವುದು ಉತ್ತಮ.

ಇನ್ನು ಲಿಂಬೆಯ ವಿಚಾರ. ವಿಜಯಪುರ ಜಿಲ್ಲೆಯ ಇಂಡಿಯ ಸೀಮೆ ಲಿಂಬೆಗೆ ಹೆಸರಾದುದು. ಲಿಂಬೆಯಲ್ಲಿ ಸಿ ಜೀವಸತ್ವ ಹೇರಳವಾಗಿದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು ವಸಡಿನಲ್ಲಿ ರಕ್ತ ಸೋರಿ ಸಾಯುತ್ತಿದ್ದ ನಾವಿಕರಿಗೆ ಕಿತ್ತಳೆ ಮತ್ತು ಲಿಂಬೆಗಳನ್ನು ತಿನ್ನಿಸಿ, ಅವರು ಬೇಗನೆ ಚೇತರಿಸಿಕೊಂಡುದನ್ನು ತೋರಿಸಿದನು. ನಮ್ಮ ಅಡುಗೆಗೆ ಲಿಂಬೆಯಿಂದ ಮತ್ತೊಂದು ಲಾಭವುಂಟು. ಕಾಳು ಮತ್ತು ಸೊಪ್ಪಿನಲ್ಲಿರುವ ಕಬ್ಬಿಣದ ಅಂಶವನ್ನು ದೇಹವು ಹೀರಿಕೊಳ್ಳಲು ಸಿ ಜೀವಸತ್ವ ನೆರವಾಗುತ್ತದೆ. ಸಸ್ಯಾಹಾರಿಗಳಾದ ನಮ್ಮ ಮನೆಗಳ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯವಾಗಿರುವಾಗ, ಹೆಸರುಕಾಳಿನ ಪಲ್ಯಕ್ಕೆ, ಮೆಂತ್ಯದ ಸೊಪ್ಪಿಗೆ ಉಣ್ಣುವ ಮುನ್ನ ಅರ್ಧ ಲಿಂಬೆ ಹಿಂಡಿಕೊಳ್ಳುವುದು ಖರ್ಚಿಲ್ಲದ ಉಪಾಯ. ಒಲೆಯ ಮೇಲೆ ಕುದಿಯುವಾಗ ಹಿಂಡಿದರೆ ಜೀವಸತ್ವ ನಷ್ಟವಾಗುತ್ತದೆ. ಇಳಿಸಿ, ಕಾವು ಆರಿದ ಮೇಲೆ ಹಿಂಡಬೇಕು. ತಾಮ್ರದ, ಹಿತ್ತಾಳೆಯ, ಅಲ್ಯೂಮಿನಿಯಂನ ಪಾತ್ರೆಗಳಲ್ಲಿ ಹುಳಿಯನ್ನು ಇಡಬಾರದು. ತಾಮ್ರದ ತಂಬಿಗೆಯ ನೀರಿಗೆ ಲಿಂಬೆ ಹಿಂಡುವ ಹೊಸ ರೂಢಿಯೂ ಸಲ್ಲದು.

ಲಿಂಬೆಯೊಂದೇ ಬಿಸಿಲಿಗೆ ಮದ್ದಲ್ಲ ಎಂಬುದನ್ನೂ ಅರಿಯಬೇಕು. ಬೆವರಿನಲ್ಲಿ ನೀರಿನ ಜೊತೆಗೆ ಸೋಡಿಯಂ ಹರಿದು ಹೋಗುತ್ತದೆ. ಲಿಂಬೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ತುಂಬಿಕೊಡುವುದು ಉಪ್ಪು. ಕರುಳಿನಲ್ಲಿ ಉಪ್ಪನ್ನು ಒಳಗೆ ಕೊಂಡೊಯ್ಯಲು ಸ್ವಲ್ಪ ಸಿಹಿ ಬೇಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಲನಾಬಿಸ್ ಅವರು ಈ ತತ್ವದ ಮೇಲೆಯೇ ಉಪ್ಪು ಸಕ್ಕರೆಯ ನೀರು ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದರು. 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಹಾ ಚಮಚ ಉಪ್ಪು ಎಂಬ ಅಳತೆಯನ್ನು ಪ್ರತಿ ಮನೆಯ ತಾಯಿಯೂ ತಂದೆಯೂ ಬಾಯಿಪಾಠ ಮಾಡಿಕೊಂಡಿರಬೇಕು. ಭೇದಿಯಾದಾಗ ಇದೇ ಅಳತೆ. ಬರಿಯ ಬಾಯಾರಿಕೆಯ ಪಾನಕಕ್ಕೆ ಸಿಹಿಯನ್ನು ಅರ್ಧಕ್ಕೆ ಇಳಿಸಿ, ಎರಡು ಲಿಂಬೆಹಣ್ಣು, ಜಜ್ಜಿದ ಒಂದು ಚೂರು ಹಸಿಶುಂಠಿ, ಎರಡು ಏಲಕ್ಕಿ ಸೇರಿಸಬಹುದು. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆಯುಳ್ಳವರು ಉಪ್ಪಿನ ಬಗ್ಗೆ ತಮ್ಮ ವೈದ್ಯರ ಮಾತನ್ನು ಪಾಲಿಸಬೇಕು.

ಬುತ್ತಿಯ ವಿಷಯದಲ್ಲಿ ನಮ್ಮ ನಾಡಿನ ಅಡುಗೆಗೆ ಸಮನಾದುದಿಲ್ಲ. ಕಟಕ ರೊಟ್ಟಿಯಲ್ಲಿ ನೀರಿನಂಶವೇ ಇಲ್ಲದುದರಿಂದ ಬಿಸಿಲಿಗೆ ಕೆಡುವುದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಪುಡಿ ವಾರಗಟ್ಟಲೆ ಉಳಿಯುತ್ತವೆ. ಜೊತೆಗೆ ಸೌತೆಕಾಯಿ, ಉಳ್ಳಾಗಡ್ಡಿ, ಒಂದಿಷ್ಟು ಲಿಂಬೆಹಣ್ಣುಗಳು, ಮಜ್ಜಿಗೆ ಇದ್ದರೆ ಹೊಟ್ಟೆಗೂ ಹಿತ, ಮನಸ್ಸಿಗೂ ಹಿತ. ಚಿತ್ರಾನ್ನ ಒಯ್ಯುವುದಾದರೆ ಅದೇ ಬೆಳಗಿನಲ್ಲಿ ಮಾಡಿ ನಾಲ್ಕು ತಾಸಿನೊಳಗೆ ಉಂಡು ಮುಗಿಸಬೇಕು. ರಾತ್ರಿ ಉಳಿದ ಅನ್ನವನ್ನು ಲಿಂಬೆ ಹಿಂಡಿ ಹೊಸದು ಮಾಡಿದೆವೆಂದು ಭಾವಿಸಬಾರದು. ಅನ್ನದಲ್ಲಿ ಬೆಳೆಯುವ ಸೂಕ್ಷ್ಮಾಣುವಿನ ವಿಷವು ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಕೋಸಂಬರಿ ಮನೆಯಲ್ಲಿಯೇ ಉಂಡು ಹೊರಡಲು ಯೋಗ್ಯ, ಡಬ್ಬಿಯಲ್ಲಿ ಒಯ್ಯಲು ಅಲ್ಲ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವುಂಟು. ಬುತ್ತಿ ಎಂದೊಡನೆ ಮನೆಯ ಹೆಣ್ಣುಮಗಳು ನಸುಕಿನ ನಾಲ್ಕಕ್ಕೆ ಎದ್ದು ಒಲೆಯ ಮುಂದೆ ಕುಳಿತುಕೊಳ್ಳಬೇಕು. ಉಳಿದವರು ಸಿಂಗರಿಸಿಕೊಂಡು ವಾಹನ ಏರುವಾಗ ಆಕೆ ಅದಾಗಲೇ ದಣಿದಿರುತ್ತಾಳೆ. ಹೋಟೆಲಿನ ಊಟವೇ ಆಕೆಗೆ ರಜೆ ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಅದಕ್ಕೆ ಪರಿಹಾರ ಬುತ್ತಿಯನ್ನು ಬಿಡುವುದಲ್ಲ, ದುಡಿಮೆಯನ್ನು ಹಂಚಿಕೊಳ್ಳುವುದು. ಕಟಕ ರೊಟ್ಟಿಯನ್ನು ಎರಡು ದಿನ ಮುಂಚೆಯೇ ಸಿದ್ಧಪಡಿಸಬಹುದು. ಖಾನಾವಳಿಗಳಲ್ಲಿ, ರೊಟ್ಟಿ ಮಾಡಿ ಬದುಕುವ ತಾಯಂದಿರ ಬಳಿ ಕೊಳ್ಳಲೂಬಹುದು. ಅವರ ಕಾಯಕಕ್ಕೂ ಬೆಲೆ ಬಂದಂತಾಗುತ್ತದೆ. ಲಿಂಬೆ ಹಿಂಡಲು, ನೀರು ತುಂಬಲು, ಉಳ್ಳಾಗಡ್ಡಿ ಕತ್ತರಿಸಲು ಮನೆಯ ಗಂಡಸರಿಗೂ ಮಕ್ಕಳಿಗೂ ಕೈಗಳಿವೆ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ನಂಬಿದ ಮನೆಯಲ್ಲಿ ಅಡುಗೆಮನೆಯ ಕೆಲಸ ಮಾತ್ರ ಒಬ್ಬರ ಪಾಲಿಗೆ ಉಳಿಯುವುದು ತರವಲ್ಲ.

ಹೊರಡುವ ಹೊತ್ತನ್ನು ಬದಲಿಸುವುದು ಎಲ್ಲಕ್ಕಿಂತ ಮುಖ್ಯ. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಸೂರ್ಯೋದಯಕ್ಕೆ ಏರಿದರೆ ದರ್ಶನವೂ ಆನಂದ, ಇಳಿಯುವುದೂ ಸುಲಭ. ಅದನ್ನೇ ಮಧ್ಯಾಹ್ನ ಏರಿದರೆ ವೃದ್ಧರ ಹೃದಯಕ್ಕೆ ಅಪಾಯ. ಹನ್ನೊಂದರಿಂದ ನಾಲ್ಕರವರೆಗೆ ನೆರಳಿನಲ್ಲಿ ವಿಶ್ರಮಿಸಿ ಸಂಜೆ ಮುಂದುವರಿಯಬೇಕು. ಬಿಸಿಲಿಗೆ ಯಾರಾದರೂ ತೊದಲತೊಡಗಿದರೆ, ಮೈ ಕಾದು ಎಚ್ಚರ ತಪ್ಪಿದರೆ, ಕೂಡಲೇ ನೆರಳಿಗೆ ಒಯ್ದು, ಮೈಯನ್ನು ನೀರಿನಿಂದ ತೋಯಿಸಿ ಗಾಳಿ ಬೀಸುತ್ತ, 108ಕ್ಕೆ ಕರೆ ಮಾಡಬೇಕು. ಎಚ್ಚರವಿಲ್ಲದವರ ಬಾಯಿಗೆ ಪಾನಕವನ್ನಾಗಲಿ ಜೇನನ್ನಾಗಲಿ ಹಾಕಬಾರದು, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಹಳೆಯ ಗೋಪುರಗಳಲ್ಲಿ, ಬಂಡೆಗಳ ಸಂದಿನಲ್ಲಿ ಹೆಜ್ಜೇನು ಕಟ್ಟಿರುವುದುಂಟು. ಅಲ್ಲಿ ಹೊಗೆ ಎಬ್ಬಿಸಬಾರದು, ಕಲ್ಲೆಸೆಯಬಾರದು ಎಂದು ಮಕ್ಕಳಿಗೆ ಮೊದಲೇ ತಿಳಿಹೇಳಬೇಕು.

ದೇವಾಲಯ ಕಟ್ಟಿಸಿದ ನಮ್ಮ ಪೂರ್ವಿಕರು ಅದರ ಮಗ್ಗುಲಲ್ಲಿ ಪುಷ್ಕರಿಣಿಯನ್ನೂ ಕಟ್ಟಿಸಿದರು. ಕನಕಗಿರಿಯ ವೆಂಕಟಪತಿ ಬಾವಿಯ ಮೆಟ್ಟಿಲುಗಳನ್ನು ಇಳಿದವರಿಗೆ ಆ ದೂರದೃಷ್ಟಿ ತಿಳಿಯುತ್ತದೆ. ದಾರಿಹೋಕರಿಗೆ ನೀರುಣಿಸುವ ಅರವಟಿಗೆಯನ್ನು ಅವರು ಪುಣ್ಯಕಾರ್ಯವೆಂದು ನಡೆಸಿದರು. ಪ್ರತಿ ಊರಿನ ಭಕ್ತರು ಕೂಡಿ, ಯಾತ್ರಿಕರು ಸೇರುವ ಸ್ಥಳದಲ್ಲಿ ಚೈತ್ರ ವೈಶಾಖಗಳ ಎರಡು ತಿಂಗಳು ಒಂದು ಅರವಟಿಗೆ ನಡೆಸುವುದು ಅಸಾಧ್ಯವೇನಲ್ಲ. ಕುದಿಸಿ ಆರಿಸಿದ ನೀರು, ಮಣ್ಣಿನ ಗಡಿಗೆ, ಲಿಂಬೆಹಣ್ಣು, ಅಳತೆಯ ಉಪ್ಪು, ಹಿಡಿ ಬೆಲ್ಲ ಇಷ್ಟೇ ಸಾಕು. ದಾಸೋಹವೆಂದರೆ ಅನ್ನವಷ್ಟೇ ಅಲ್ಲ, ನೀರೂ ಹೌದು. ಈ ಬೇಸಿಗೆಯಲ್ಲಿ ಯಾತ್ರೆಗೆ ಹೊರಡುವ ಪ್ರತಿಯೊಂದು ಕುಟುಂಬವೂ ತನ್ನ ಬುತ್ತಿಯ ಜೊತೆಗೆ ಇನ್ನೊಬ್ಬರ ಬಾಯಾರಿಕೆಗೂ ಒಂದು ತಂಬಿಗೆ ನೀರು ಹೆಚ್ಚಿಗೆ ಒಯ್ಯಲಿ.