ಮಕ್ಕಳ ವಿನೋದವನದಲ್ಲಿ ಮದ್ಯ

ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ವಾಲ್ಟ್ ಡಿಸ್ನಿಯವರು 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ಎಂಬ ವಿನೋದವನವನ್ನು ತೆರೆದಾಗ, ಅದರೊಳಗೆ ಮದ್ಯವನ್ನು ಮಾರಕೂಡದೆಂದು ನಿಯಮ ಮಾಡಿದರು. ಮದ್ಯವಿದ್ದಲ್ಲಿ ಪುಂಡರು ಸೇರುವರೆಂಬುದು ಅವರ ಅಭಿಪ್ರಾಯವಾಗಿತ್ತು. ಅವರು ಧರ್ಮೋಪದೇಶಕರಲ್ಲ, ವ್ಯಾಪಾರಸ್ಥರು. ಸ್ವತಃ ಪಾನವರ್ಜಕರೂ ಆಗಿರಲಿಲ್ಲ. ತಂದೆತಾಯಿಗಳ ನಿಶ್ಚಿಂತೆಯೇ ತಮ್ಮ ಮೂಲಧನವೆಂಬುದನ್ನು ಅವರು ಅರಿತಿದ್ದರು, ಅಷ್ಟೆ.

ಆ ನಿಯಮವು ಒಂದೇ ದಿನದಲ್ಲಿ ಮುರಿದುಬೀಳಲಿಲ್ಲ. 1966ರಲ್ಲಿ ಡಿಸ್ನಿಯವರು ತೀರಿಕೊಂಡರು. ಮರುವರ್ಷವೇ ಆ ವನದೊಳಗೆ ಸದಸ್ಯರಿಗೆ ಮಾತ್ರ ಪ್ರವೇಶವಿರುವ ಕ್ಲಬ್ಬೊಂದು ತೆರೆಯಿತು. ಅಲ್ಲಿ ಮದ್ಯಕ್ಕೆ ಅಡ್ಡಿಯಿರಲಿಲ್ಲ. ಪ್ಯಾರಿಸಿನ ಬಳಿಯ ವನವು 1992ರಲ್ಲಿ ಮದ್ಯವಿಲ್ಲದೆ ಆರಂಭವಾದರೂ, ಊಟದೊಡನೆ ದ್ರಾಕ್ಷಾರಸವಿರಬೇಕೆನ್ನುವ ಫ್ರೆಂಚರ ಆಕ್ಷೇಪಕ್ಕೆ ಮಣಿದು 1993ರಲ್ಲಿ ಅನುಮತಿಯನ್ನು ಕೊಟ್ಟಿತು. ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್ಮಿನಲ್ಲಿ 2012ರಲ್ಲಿ ಒಂದು ಭೋಜನಶಾಲೆಗೆ, ಅದೂ ರಾತ್ರಿಯೂಟಕ್ಕೆ ಮಾತ್ರ, ದೊರೆತ ವಿನಾಯಿತಿಯು 2018ರ ಹೊತ್ತಿಗೆ ಬಡಿಸುವವರಿರುವ ಭೋಜನಶಾಲೆಗಳಿಗೆಲ್ಲ ಹಬ್ಬಿತು. ಕಡೆಗೆ 2019ರಲ್ಲಿ ಮೂಲ ಡಿಸ್ನಿಲ್ಯಾಂಡಿನಲ್ಲಿಯೇ ಸಾರ್ವಜನಿಕರಿಗೆ ಪಾನಗೃಹವು ತೆರೆಯಿತು.

ಪ್ರತಿಪಕ್ಷದ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ದೇಶಾಚಾರಗಳು ಬೇರೆ ಬೇರೆ. ಫ್ರಾನ್ಸಿನ ಗೃಹಸ್ಥನು ಊಟದೊಡನೆ ಕುಡಿಯುವ ಒಂದು ಲೋಟವನ್ನು ದುರ್ವ್ಯಸನವೆನ್ನುವುದು ನ್ಯಾಯವಲ್ಲ. ಕ್ಯಾಲಿಫೋರ್ನಿಯಾದ ಆ ಪಾನಗೃಹದಿಂದ ಮದ್ಯವನ್ನು ಹೊರಗೆ ಒಯ್ಯುವಂತಿಲ್ಲ. ಇಪ್ಪತ್ತೊಂದು ವರ್ಷ ತುಂಬದವರಿಗೆ ಅದನ್ನು ಮಾರುವಂತೆಯೂ ಇಲ್ಲ. ಇವು ಮೆಚ್ಚತಕ್ಕ ಕಟ್ಟುಗಳೇ ಸರಿ.

ಆದರೆ ಈ ಕಟ್ಟುಗಳನ್ನು ಕಾಯುವವರು ಯಾರು? ಮದ್ಯದಿಂದ ಲಾಭ ಪಡೆಯುವವರೇ ಅದರ ಎಲ್ಲೆಯನ್ನೂ ಗೊತ್ತುಮಾಡುತ್ತಾರೆ. ಆ ಎಲ್ಲೆ ಎಷ್ಟು ದೂರ ಸರಿಯಬಲ್ಲದೆಂಬುದಕ್ಕೆ ಅದೇ ಸಂಸ್ಥೆಯ ಎಪ್ಕಾಟ್ ವನವು ನಿದರ್ಶನ. 1982ರಲ್ಲಿ ಫ್ಲೋರಿಡಾದಲ್ಲಿ ತೆರೆದ ಅಲ್ಲಿ ಹನ್ನೊಂದು ದೇಶಗಳ ಮಂಟಪಗಳಿವೆ. ಮಂಟಪದಿಂದ ಮಂಟಪಕ್ಕೆ ಲೋಟ ಹಿಡಿದು ನಡೆಯುತ್ತ, ಪ್ರತಿಯೊಂದರಲ್ಲಿಯೂ ಕುಡಿದು ಮುಂದುವರಿಯುವುದನ್ನೇ ಒಂದು ವಿನೋದವೆಂದೆಣಿಸುವವರಿದ್ದಾರೆ. ಅದೇ ದಾರಿಯಲ್ಲಿ ಮಕ್ಕಳೂ ನಡೆಯುತ್ತಾರೆ. ಸಂಜೆಯಾದೊಡನೆ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ಒಯ್ಯಬೇಕಾದವರು ಯಾರೆಂಬುದನ್ನು ಹಿರಿಯರು ಯೋಚಿಸಬೇಕು.

ಊಟದ ಮೇಜಿನ ಬಳಿ ಕೂತು ಮಿತವಾಗಿ ಕುಡಿಯುವುದಕ್ಕೂ ಮಕ್ಕಳ ಬೀದಿಯಲ್ಲಿ ಮದ್ಯವನ್ನು ಮಾರುವುದಕ್ಕೂ ಅಂತರವಿದೆ. ಮೊದಲನೆಯದು ಆಯಾ ದೇಶದ ಆಚಾರಕ್ಕೆ ಬಿಟ್ಟ ವಿಷಯ, ಎರಡನೆಯದು ಹಣದಾಸೆ. ಮಕ್ಕಳ ಹೆಸರಿನಿಂದ ಪ್ರವೇಶಧನವನ್ನು ಪಡೆಯುವವರು ಮೇಜಿನ ಬಳಿಯ ಆ ಎಲ್ಲೆಯನ್ನು ಲಾಭಕ್ಕಾಗಿ ಒಂದು ಹೆಜ್ಜೆಯೂ ಸರಿಸಬಾರದೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಮಾರುವವರು ಅದನ್ನು ಕಾಯದಿದ್ದರೆ ಕಾಯುವ ಹೊಣೆ ಸರಕಾರದ್ದು. ಏಕೆಂದರೆ ತಮ್ಮ ಪರವಾಗಿ ದೂರು ಕೊಡಲು ಮಕ್ಕಳಿಗೆ ಬರುವುದಿಲ್ಲ.