ಪಟ್ಟಿ ಬೇಡ, ಮೂರನೇ ಒಂದು ಪಾಲು ಕೊಡಿ

ಮುಂಬೈ ಬಳಿಯ ಕಲ್ಯಾಣದ ಮೊಹೊನೆಯಲ್ಲಿ, ಹಳೆಯ ಎನ್‌ಆರ್‌ಸಿ (ನ್ಯಾಷನಲ್ ರೇಯಾನ್) ಕಾರ್ಖಾನೆಯ ಜಾಗದಲ್ಲಿ ವರ್ಷಕ್ಕೆ 60 ಲಕ್ಷ ಟನ್ ಸಿಮೆಂಟ್ ಅರೆಯುವ ಘಟಕ ಬರಲಿದೆ ಎಂದಾಗ ಊರು ಎದ್ದು ಕೂತಿತು. 2025ರ ಸೆಪ್ಟೆಂಬರ್‌ನಲ್ಲಿ ಅಹವಾಲು ಸಭೆಯೂ ಆಯಿತು. ಅದೇ ತಿಂಗಳು ಕೇಂದ್ರ ಪರಿಸರ ಸಚಿವಾಲಯ, ಸ್ವಂತ ವಿದ್ಯುತ್ ಸ್ಥಾವರವಿಲ್ಲದ ಇಂಥ ಘಟಕಗಳಿಗೆ ಪೂರ್ವಾನುಮತಿಯೇ ಬೇಡ ಎಂಬ ಕರಡು ಹೊರಡಿಸಿತು. ದೂಳಿನ ಜಗಳ ನ್ಯಾಯವಾದದ್ದೇ. ಆದರೆ ಅದರ ಜೊತೆಗೆ ಕೇಳಿಬರುವ ಹಳಹಳಿಕೆ ಮಾತ್ರ ನನಗೆ ಒಪ್ಪಿಗೆಯಿಲ್ಲ: ಕಂಪನಿಯ ಕಚೇರಿ, ಶಾಲೆ, ಆಸ್ಪತ್ರೆ, ಕಾಲನಿಗಳನ್ನು ಪಾರಂಪರಿಕ ಪಟ್ಟಿಗೆ ಸೇರಿಸಿದ್ದರೆ ಉಳಿಯುತ್ತಿದ್ದವಂತೆ.

ಉಳಿಯುತ್ತಿರಲಿಲ್ಲ. 2009ರಲ್ಲಿ ಲಾಕ್‌ಔಟ್ ಆಗಿ, ಕಾರ್ಮಿಕರ ಬಾಕಿ ವರ್ಷಗಟ್ಟಲೆ ನೇತಾಡಿ, ಕೊನೆಗೆ ದಿವಾಳಿ ಪ್ರಕ್ರಿಯೆಯಲ್ಲಿ ಅದಾನಿ ಸಮೂಹದ ಕೈಸೇರಿದ ಆಸ್ತಿ ಅದು. ಅಲ್ಲಿ ಬೆಲೆ ಬಾಳಿದ್ದು ನೆಲ. ಗೋಡೆಗಳ ಲೆಕ್ಕವನ್ನು ಯಾರೂ ಕೇಳಲಿಲ್ಲ.

ಅನುಮಾನವಿದ್ದವರು ಕೆಜಿಎಫ್‌ಗೆ ಹೋಗಿ ನೋಡಲಿ. ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಜಾನ್ ಟೇಲರ್ ಕಂಪನಿಯ ಕಾಲದ ಕಚೇರಿ, ಉಗ್ರಾಣ, ಬಂಗಲೆಗಳು ಶಿಥಿಲವಾಗಿಯಾದರೂ ನಿಂತಿವೆಯಲ್ಲ, ಅದಕ್ಕೆ ಕಾರಣ ನಮ್ಮ ಪರಂಪರೆಯ ಪ್ರೀತಿಯಲ್ಲ. ಆ ನೆಲಕ್ಕೆ ಗಿರಾಕಿ ಬರಲಿಲ್ಲ, ಅಷ್ಟೇ. 2024ರ ಜೂನ್‌ನಲ್ಲಿ ಕರ್ನಾಟಕದ ಸಂಪುಟ ಒಪ್ಪಿಗೆ ಕೊಟ್ಟದ್ದೂ 1,003 ಎಕರೆಯಲ್ಲಿ ಹರಡಿರುವ ಸೈನೈಡ್ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವುದಕ್ಕೆ.

ಹಾಗಾದರೆ ಕಟ್ಟಡ ಉಳಿಸುವುದು ಯಾವುದು? ಎಲ್ಲರೂ ಮರೆತಿರುವ ಒಂದು ಭಿನ್ನರಾಶಿ: ಮೂರನೇ ಒಂದು.

1991ರ ಮುಂಬೈ ಅಭಿವೃದ್ಧಿ ನಿಯಮಾವಳಿಯ 58ನೇ ನಿಯಮ ಜವಳಿ ಗಿರಣಿಯ ನೆಲವನ್ನು ಮೂರು ಪಾಲು ಮಾಡಿತ್ತು: ನಗರಕ್ಕೊಂದು, ಸರ್ಕಾರಿ ವಸತಿ ಸಂಸ್ಥೆ ಮ್ಹಾಡಾದ ಮನೆಗಳಿಗೊಂದು, ಮಾಲೀಕನಿಗೊಂದು. ಸುಮಾರು 600 ಎಕರೆಯ ಮಾತು ಅದು. 2001ರಲ್ಲಿ ಸದ್ದಿಲ್ಲದೆ ಒಂದು ತಿದ್ದುಪಡಿ ಬಂತು. ಹಂಚಿಕೆ ಖಾಲಿ ಜಾಗಕ್ಕೆ ಮಾತ್ರ. ಕಟ್ಟಡ ನಿಂತಿದ್ದ ನೆಲ, ಆ ಕಟ್ಟಡ ಕೆಡವಿದ ಮೇಲೂ, ಮಾಲೀಕನದೇ! ಗಿರಣಿಯೆಂದರೆ ಗೋಡೆಗೆ ಗೋಡೆ ಹತ್ತಿಕೊಂಡ ಶೆಡ್ಡುಗಳು. ಖಾಲಿ ಜಾಗ ಎಷ್ಟಿದ್ದೀತು? ಬಾಂಬೆ ಹೈಕೋರ್ಟ್ 2005ರಲ್ಲಿ ಈ ತಿದ್ದುಪಡಿಯನ್ನು ಒಪ್ಪಲಿಲ್ಲ. 2006ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಪರೇಲ್, ಲೋವರ್ ಪರೇಲ್‌ಗಳ ಹಲವು ಗಾಜಿನ ಗೋಪುರಗಳು ಆ ಒಂದು ತಿದ್ದುಪಡಿಯ ಮಕ್ಕಳು. ದೇಶದಲ್ಲೇ ಮೊದಲನೆಯದಾದ ಪಾರಂಪರಿಕ ನಿಯಮ 1995ರಲ್ಲೇ ಅದೇ ಮುಂಬೈಯಲ್ಲಿ ಜಾರಿಯಾಗಿತ್ತು ಎಂಬುದನ್ನೂ ಪಟ್ಟಿಯ ಭಕ್ತರು ನೆನಪಿಡಲಿ.

ಮುಂಬೈಗೆ ಆ ಸೊಟ್ಟ ನಿಯಮವಾದರೂ ಇತ್ತು. ನಗರದ ಅಂಚಿನ ಮುಲುಂಡ್ ದಾಟಿದರೆ ಅದೂ ಇಲ್ಲ. ಠಾಣೆ, ಕಲ್ಯಾಣಗಳಿಗೆ ಅನ್ವಯಿಸುವ 2020ರ ಏಕೀಕೃತ ನಿಯಮಾವಳಿ ದೊಡ್ಡ ನಿವೇಶನದಲ್ಲಿ ಸೌಕರ್ಯಕ್ಕೆಂದು ಚೂರು ಜಾಗ ಬಿಡಿಸುತ್ತದೆ, ನಿಜ. ಮೂರನೇ ಒಂದರ ಹತ್ತಿರಕ್ಕೂ ಅದು ಬರುವುದಿಲ್ಲ. 1925ರಿಂದ ನಿಂತಿದ್ದ ಠಾಣೆಯ ರೇಮಂಡ್ ಗಿರಣಿಯ ನೆಲ ವಸತಿ ಗೋಪುರಗಳಾದದ್ದು ನಮ್ಮ ಕಣ್ಣೆದುರೇ.

ನನ್ನ ಬೇಡಿಕೆ ಇಷ್ಟೆ. ಠಾಣೆ ಜಿಲ್ಲೆಯಲ್ಲಿ ಮುಚ್ಚಿದ ಕಾರ್ಖಾನೆಯ ನೆಲ ಕೈಬದಲಾದಾಗ, ಕಟ್ಟಡ ನಿಂತ ಜಾಗವನ್ನೂ ಸೇರಿಸಿ ಮೂರನೇ ಒಂದು ಊರಿಗೆ ಬರಬೇಕು. ಹಳೆಯ ಕಚೇರಿ, ಅಂಗಡಿ, ಆಸ್ಪತ್ರೆಗಳನ್ನು ಮಾಲೀಕ ಸುಸ್ಥಿತಿಯಲ್ಲಿ ಒಪ್ಪಿಸಿದರೆ ಆ ನೆಲವನ್ನು ಅವನು ಊರಿಗೆ ಕೊಡಬೇಕಾದ ಪಾಲಿನಿಂದಲೇ ಕಳೆಯಲಿ. ಆಗ ಕೆಡವುವುದಕ್ಕಿಂತ ಉಳಿಸುವುದೇ ಅವನಿಗೆ ಲಾಭ. ಉದ್ದಿಮೆ ಓಡಿಹೋಗುತ್ತದೆ ಎನ್ನುವವರಿಗೆ: ಇದು ನಡೆಯುವ ಕಾರ್ಖಾನೆಯ ಮಾತಲ್ಲ, ಮುಚ್ಚಿದ್ದರದು.

ಮೊಹೊನೆಗೆ ಇದು ತಡವಾಯಿತು. ಶಹಾಡದ ಸೆಂಚುರಿ ರೇಯಾನ್ ಇನ್ನೂ ನಡೆಯುತ್ತಿದೆ. ನಿಯಮ ಬರೆಯಲು ಇದೇ ಸಕಾಲ, ಯಾರ ಜಮೀನೂ ಹರಾಜಿನಲ್ಲಿಲ್ಲದಾಗ. ಡೊಂಬಿವಲಿಯದು ಇನ್ನೂ ತುರ್ತು. 2024ರ ಮೇ ತಿಂಗಳ ಅಮುದಾನ್ ರಾಸಾಯನಿಕ ಕಾರ್ಖಾನೆ ಸ್ಫೋಟದ ನಂತರ ಅಪಾಯಕಾರಿ ಘಟಕಗಳನ್ನು ಸ್ಥಳಾಂತರಿಸುವ ಮಾತು ಸರ್ಕಾರದ್ದೇ. ಅಲ್ಲೂ ನವಿ ಮುಂಬೈಯ ಠಾಣೆ-ಬೇಲಾಪುರ ಪಟ್ಟಿಯಲ್ಲೂ ನೆಲ ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮ ಎಂಐಡಿಸಿಯ ಗುತ್ತಿಗೆಯದು. ಹಸ್ತಾಂತರಕ್ಕೆ ಒಪ್ಪಿಗೆ ಕೊಡುವಾಗಲೇ ಎಂಐಡಿಸಿ ಈ ಷರತ್ತು ಹಾಕಬಹುದು, ಶಾಸನಸಭೆಗೂ ಕಾಯಬೇಕಿಲ್ಲ.